ವೇಪರ್ ಬ್ಯಾರಿಯರ್: ಮನೆಯಡಿಯ ಮಣ್ಣಿಗೆ ಹಾಸುವ ಹಾಳೆ

ಕಕ್ಕಡದ (ಜುಲೈ–ಆಗಸ್ಟ್) ಮಳೆಯಲ್ಲಿ ಚಪ್ಪಲಿಗೆ, ಬೆಲ್ಟಿಗೆ ಬೂಷ್ಟು ಹಿಡಿಯುವುದು ಕೊಡಗಿನಲ್ಲಿ ಯಾರಿಗೂ ಸುದ್ದಿಯಲ್ಲ. ಆದರೆ ಮರದ ನೆಲದ ಮನೆಯಲ್ಲಿ ಹಲಗೆ ಉಬ್ಬಿ, ಮಾರ್ಚ್ ಬಂದರೂ ಕೋಣೆಯ ಮುಗ್ಗಲು ವಾಸನೆ ಹೋಗದಿದ್ದರೆ ಕಾಲಡಿಯ ಮಣ್ಣನ್ನು ಅನುಮಾನಿಸಬೇಕು. ಒದ್ದೆ ಮಣ್ಣಿನಿಂದ ಆವಿ ಸದಾ ಏಳುತ್ತಿರುತ್ತದೆ. ಅದು ನೆಲದ ತೊಲೆ, ಹಲಗೆಗಳನ್ನು ಮುಟ್ಟದಂತೆ ಮಣ್ಣಿನ ಮೇಲೆ ಹಾಸುವ ಪ್ಲಾಸ್ಟಿಕ್ ಹಾಳೆಗೆ ವೇಪರ್ ಬ್ಯಾರಿಯರ್ ಎನ್ನುತ್ತಾರೆ. ಕನ್ನಡದಲ್ಲಿ ‘ಆವಿತಡೆ’ ಎನ್ನಬಹುದು, ಅಂಗಡಿಯಲ್ಲಿ ಮಾತ್ರ ‘ಪಾಲಿಥೀನ್ ಶೀಟ್’ ಎಂದೇ ಕೇಳಬೇಕು.

ಇದರ ಜೊತೆಗೇ ಬರುವ ಮಾತು ಕ್ರಾಲ್ ಸ್ಪೇಸ್. ಮನೆಯ ನೆಲಕ್ಕೂ ಮಣ್ಣಿಗೂ ನಡುವೆ ಮನುಷ್ಯ ತೆವಳಿಕೊಂಡು ಹೋಗುವಷ್ಟು ಎತ್ತರದ ಖಾಲಿ ಜಾಗ ಅದು. ಅಮೆರಿಕದ ಮನೆಗಳಲ್ಲಿ ಸಾಮಾನ್ಯ. ತುಂಬಿದ ಅಡಿಪಾಯದ ಮೇಲೆ ನಿಂತ ಐನ್‌ಮನೆಗೆ (ಕೊಡವರ ಕುಟುಂಬದ ಮೂಲಮನೆ) ಇದರ ಗೊಡವೆಯಿಲ್ಲ. ಇಳಿಜಾರಿನಲ್ಲಿ ಕಂಬ ನಿಲ್ಲಿಸಿ ಮರದ ನೆಲ ಹಾಕಿದ ಹೋಂಸ್ಟೇ ಕಾಟೇಜಿಗೆ ಇದೆ.

‘ಡಿಪಿಸಿ ಹಾಕಿದ್ದೇವಲ್ಲ, ಸಾಕು’ ಎನ್ನುವ ಗಾರೆಯವರಿದ್ದಾರೆ. ಡಿಪಿಸಿ, ಅಂದರೆ ಡ್ಯಾಂಪ್ ಪ್ರೂಫ್ ಕೋರ್ಸ್, ಅಡಿಪಾಯದ ಮೇಲೆ, ಗೋಡೆಯ ಬುಡದಲ್ಲಿ ಹಾಕುವ ಸುಮಾರು 40 ಮಿ.ಮೀ. ಕಾಂಕ್ರೀಟ್ ಪದರ. ಕಲ್ಲು, ಇಟ್ಟಿಗೆಯ ಸಣ್ಣ ರಂಧ್ರಗಳಲ್ಲಿ ದೀಪದ ಬತ್ತಿಯಲ್ಲಿ ಎಣ್ಣೆ ಏರಿದಂತೆ ಏರುವ ನೀರನ್ನು ಅದು ನಿಲ್ಲಿಸುತ್ತದೆ. ತೆರೆದ ಮಣ್ಣಿನಿಂದ ಗಾಳಿಗೆ ಸೇರುವ ಆವಿಗೆ ಅದರಿಂದ ಅಡ್ಡಿಯಿಲ್ಲ. ಹಾಗೆಯೇ, ಹರಿದುಬರುವ ನೀರಿಗೆ ಹಾಳೆಯಿಂದ ಅಡ್ಡಿಯಿಲ್ಲ. ನೀರು ಒಳಗೆ ಹರಿಯುತ್ತಿರುವಾಗ ಹಾಳೆ ಹಾಸಿದರೆ ಅದರ ಮೇಲೇ ಕೆರೆಯಾಗುತ್ತದೆ.

ಆದ್ದರಿಂದ ಮೊದಲ ಕೆಲಸ ಚರಂಡಿ. ಮನೆಯ ಮೇಲ್ಬದಿಯಲ್ಲಿ ಅಡ್ಡ ಚರಂಡಿ ತೆಗೆದು ನೀರನ್ನು ಎರಡೂ ಪಕ್ಕಕ್ಕೆ ತಿರುಗಿಸಿ, ಮಾಡಿನ ನೀರನ್ನು ದೂರ ಬಿಡಬೇಕು. ಕಾಫಿ ಗಿಡಕ್ಕೆ ಒಳ್ಳೆಯದೆಂದು ಮನೆಯ ಬೆನ್ನಿಗೇ ಮಳೆನೀರು ಇಂಗಿಸುವ ತೊಟ್ಟಿಲು ಗುಂಡಿ ತೋಡಿದರೆ, ಅಲ್ಲಿ ಇಂಗಿದ ನೀರು ಮನೆಯಡಿಗೇ ಬರುತ್ತದೆ. ತೋಟಕ್ಕೆ ಬೇಕಾದದ್ದು ಮನೆಗೆ ಬೇಡ.

ಆವಿ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಎರಡಡಿ ಚೌಕದ ಪ್ಲಾಸ್ಟಿಕ್ ತುಂಡನ್ನು ಮಣ್ಣಿನ ಮೇಲಿಟ್ಟು ಅಂಚಿಗೆ ಕಲ್ಲು ಹೇರಿ ಒಂದು ದಿನ ಬಿಡಿ. ಅಡಿಯಲ್ಲಿ ಹನಿ ಕೂತಿದ್ದರೆ ಮಣ್ಣಿನ ಆವಿ, ಮೇಲೆ ಕೂತಿದ್ದರೆ ಗಾಳಿಯ ತೇವ. ಮರದ ತೇವ ಶೇ. 20ರೊಳಗಿದ್ದರೆ ಕೊಳೆಯುವ ಭಯವಿಲ್ಲ. ಅದನ್ನು ನೋಡಲು ಮರಕ್ಕೆ ಚುಚ್ಚುವ ಎರಡು ಮುಳ್ಳಿನ ಮೀಟರ್ ಬೇಕು, ಕಾಫಿ ಬೀಜದ ಮಾಯಿಶ್ಚರ್ ಮೀಟರ್ ಇಲ್ಲಿ ನಡೆಯದು.

ಹಾಳೆ ಕೊಳ್ಳುವಾಗ ಅಳತೆಯ ಗೊಂದಲ ಇದ್ದದ್ದೇ. ಅಮೆರಿಕದ ವಿಡಿಯೋಗಳಲ್ಲಿ ಹೇಳುವ ‘6 ಮಿಲ್’ ಎಂದರೆ 6 ಮಿಲಿಮೀಟರ್ ಅಲ್ಲ. ಒಂದು ಮಿಲ್ ಎಂದರೆ ಇಂಚಿನ ಸಾವಿರದಲ್ಲೊಂದು ಭಾಗ, ಅಂದರೆ 25 ಮೈಕ್ರಾನ್ ಚಿಲ್ಲರೆ. 6 ಮಿಲ್ ಸುಮಾರು 150 ಮೈಕ್ರಾನ್, ಕನಿಷ್ಠ ಇಷ್ಟಿರಬೇಕು. ಜನ ತೆವಳಿ ಓಡಾಡುವ ಜಾಗಕ್ಕೆ 250 ಮೈಕ್ರಾನೇ ವಾಸಿ. ಹಳೆಯ ಟಾರ್ಪಾಲು ತೂತು, ಗೊಬ್ಬರದ ಚೀಲ ನೇಯ್ದದ್ದು. ಎರಡರಲ್ಲೂ ಆವಿ ದಾಟುತ್ತದೆ.

20×30 ಅಡಿ ಮನೆಗೆ ನೆಲವೇ 600 ಚದರಡಿ. ಸುತ್ತ ಗೋಡೆಯಿದ್ದು ಒಂದಡಿ ಮೇಲೇರಿಸಿದರೆ ಇನ್ನೂ 100, ಒಂದರ ಮೇಲೊಂದು ಬರುವ ಅಂಚಿಗೆ ಶೇ. 15 ಸೇರಿಸಿದರೆ 805 ಚದರಡಿ ಬೇಕು.

ಹಾಸುವ ಕೆಲಸ ಫೆಬ್ರವರಿ, ಮಾರ್ಚಿನಲ್ಲಿ ಆಗಲಿ. ಚೂಪು ಕಲ್ಲು, ಬೇರು, ಕಟ್ಟುವಾಗ ಬಿಟ್ಟ ಮರದ ಚೂರು ಎಲ್ಲ ತೆಗೆಯಿರಿ. ಮರದ ಚೂರೆಂದರೆ ಗೆದ್ದಲಿಗೆ ಕೊಟ್ಟ ಆಹ್ವಾನ. ಹಾಳೆಯನ್ನು ಬಿಗಿಯಾಗಿ ಎಳೆಯದೆ ಸಡಿಲವಾಗಿ ಹಾಸಿ, ಒಂದು ಹಾಳೆ ಇನ್ನೊಂದರ ಮೇಲೆ 12 ಇಂಚು ಬರಲಿ. ಇಳಿಜಾರಿನಲ್ಲಿ ಮೇಲ್ಬದಿಯ ಹಾಳೆ ಕೆಳಗಿನದರ ಮೇಲೆ ಕೂರಬೇಕು, ಹೆಂಚು ಹೊದಿಸಿದ ಹಾಗೆ. ಅಂಚಿಗೆ ಟೇಪ್ ಹಚ್ಚುವ ಮುನ್ನ ಒಣಬಟ್ಟೆಯಲ್ಲಿ ಒರೆಸಿ. ಧೂಳಿನ ಮೇಲೆ ಅಂಟಿಸಿದ್ದು ಮೊದಲ ಮಳೆಗೇ ಬಿಡುತ್ತದೆ. ಗೋಡೆಗೆ ಟೇಪೊಂದೇ ಸಾಲದು, ಪಟ್ಟಿಯಿಟ್ಟು ಸ್ಕ್ರೂ ಹಾಕಬೇಕು.

ಹೆಚ್ಚಿನವರು ತಪ್ಪುವುದು ಕಂಬದ ಬುಡದಲ್ಲಿ. ಹಾಳೆಯನ್ನು ಕಂಬದ ಸುತ್ತ ಕತ್ತರಿಸಿ ಬಿಟ್ಟುಬಿಡುತ್ತಾರೆ, ಅಲ್ಲಿಂದಲೇ ಆವಿ ಏಳುತ್ತದೆ. ಬೇರೆ ತುಂಡೊಂದನ್ನು ಕಂಬಕ್ಕೆ ಅರ್ಧ ಅಡಿ ಎತ್ತರ ಸುತ್ತಿ ಕೆಳಗಿನ ಹಾಳೆಗೆ ಅಂಟಿಸಬೇಕು. ಗೋಡೆಯಲ್ಲಿ ಹಾಳೆಯ ತುದಿಗೂ ಮರಕ್ಕೂ ನಡುವೆ ಮೂರು ಇಂಚು ಬರಿ ಗೋಡೆ ಕಾಣುತ್ತಿರಲಿ. ಗೆದ್ದಲಿನ ಮಣ್ಣಿನ ಗೆರೆ ಕಣ್ಣಿಗೆ ಬೀಳುವುದು ಅಲ್ಲೇ. ತೊಲೆಗಳ ಅಡಿಗೆ ಹಾಳೆ ಹೊಡೆಯಲೇಬೇಡಿ, ಬಚ್ಚಲಿನಿಂದ ಸೋರಿದ ನೀರು ಅದರಲ್ಲಿ ಸಿಕ್ಕಿ ಮರ ಕೊಳೆಯುತ್ತದೆ.

ಗಾಳಿಯಾಡುವ ಕಿಂಡಿಗಳನ್ನೆಲ್ಲ ಮುಚ್ಚಿ ಒಳಗೆ ಡಿಹ್ಯೂಮಿಡಿಫೈಯರ್ (ಗಾಳಿಯ ತೇವ ತೆಗೆಯುವ ಯಂತ್ರ) ಇಡುವ ಅಮೆರಿಕದ ಪದ್ಧತಿ ಇಲ್ಲಿಗೆ ಹೊಂದುವುದು ಕಷ್ಟ. ಮಳೆಗಾಳಿಗೆ ಮರ ಬಿದ್ದು ಕರೆಂಟ್ ಹೋದ ದಿನಗಳಲ್ಲೇ ಆ ಯಂತ್ರ ಹೆಚ್ಚು ಬೇಕಾಗಿರುತ್ತದೆ. ಸುತ್ತ ಗೋಡೆಯಿದ್ದರೆ 150 ಚದರಡಿ ನೆಲಕ್ಕೆ ಒಂದು ಚದರಡಿಯಂತೆ, ಎದುರುಬದುರಾಗಿ, ಜಾಲರಿ ಹಾಕಿದ ಕಿಂಡಿ ಬಿಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಿಂಡಿಯಲ್ಲಿ ಬರುವ ಗಾಳಿಯೇ ಒದ್ದೆ, ಅದರಿಂದ ಏನೂ ಒಣಗದು. ಆ ನಾಲ್ಕು ತಿಂಗಳು ಹಾಳೆಯನ್ನೇ ನಂಬಬೇಕು. ಕಿಂಡಿಯ ಪಾಳಿ ಡಿಸೆಂಬರ್ ಬಿಸಿಲಿನಿಂದ ಶುರು.