ಎರಡನೆಯ ಬೇಸ್ ಗಿಟಾರ್ ಕೊಳ್ಳುವ ಮುನ್ನ

ಶಿವಮೊಗ್ಗದಲ್ಲಿ ಗಣಪತಿ ಹಬ್ಬದ ರಸಮಂಜರಿಗಳು ಹತ್ತಿರವಾದಂತೆ ನನ್ನ ದುರಸ್ತಿ ಮೇಜಿನ ಮೇಲೆ ವಾದ್ಯಗಳ ಸಾಲು ಬೆಳೆಯುತ್ತದೆ. ಅಂಥದೇ ಒಂದು ದಿನ ತೀರ್ಥಹಳ್ಳಿ ಕಡೆಯ ಯುವಕನೊಬ್ಬ ತನ್ನ ಜಾಝ್ ಬೇಸ್ ಎಂಬ ಮಾದರಿಯ ಬೇಸ್ ಗಿಟಾರನ್ನು ತಂದು, "ಸರ್, ಇದಕ್ಕಿಂತ ಒಳ್ಳೇದೊಂದು ತಗೋಬೇಕು ಅಂತಿದೀನಿ" ಎಂದು ಫೋನಿನಲ್ಲಿ ಚಿತ್ರ ತೋರಿಸಿದ. ಅದೂ ಜಾಝ್ ಮಾದರಿಯೇ. ಬಣ್ಣ ಬೇರೆ, ಬೆಲೆ ಎರಡೂವರೆ ಪಟ್ಟು.

ಈಗಿರುವುದು ಎಲ್ಲಿ ಕೈಕೊಡುತ್ತದೆ ಎಂದು ಕೇಳಿದೆ. ಹಳೆಯ ಹಾಡುಗಳಲ್ಲಿ ತಬಲಾದ ಜೊತೆ ನುಡಿಸುವಾಗ "ಟಣ್ ಟಣ್ ಅಂತ ಎದ್ದು ಕೇಳುತ್ತೆ" ಎಂದ. ಹೊಸದಾಗಿ ಕೊಳ್ಳಲು ಹೊರಟ ವಾದ್ಯವೂ ಅಲ್ಲಿ ಹಾಗೆಯೇ ನುಡಿಯುತ್ತಿತ್ತು. ನಾನು ಅವನ ಹೊಳಪುದನಿಯ ರೌಂಡ್‌ವೌಂಡ್ ತಂತಿಗಳನ್ನು ಬಿಚ್ಚಿ, ಮೇಲ್ಮೈ ನುಣುಪಾಗಿರುವ ಫ್ಲಾಟ್‌ವೌಂಡ್ ತಂತಿಗಳನ್ನು ಕಟ್ಟಿಕೊಟ್ಟೆ. ಅವುಗಳ ಬಿಗಿತ ಸಾಮಾನ್ಯವಾಗಿ ಹೆಚ್ಚಿರುವುದರಿಂದ ನೆಕ್‌ನ (ವಾದ್ಯದ ಕತ್ತಿನ) ಒಳಗಿದ್ದು ಅದರ ಬಾಗನ್ನು ಸರಿಪಡಿಸುವ ಟ್ರಸ್ ರಾಡನ್ನೂ ಸ್ವಲ್ಪ ತಿರುಗಿಸಬೇಕಾಯಿತು. ಅರ್ಧ ಸಮಸ್ಯೆ ಅಲ್ಲಿಗೇ ತೀರಿತು.

ಉಳಿದರ್ಧಕ್ಕೆ ಪ್ರಿಸಿಷನ್ ಬೇಸ್ ಎಂಬ ಮಾದರಿ ಒಳ್ಳೆಯ ಜೊತೆ. ಅಮೆರಿಕದ ಗಿಟಾರ್ ತಯಾರಕ ಫೆಂಡರ್ ಸಂಸ್ಥೆ ಅದನ್ನು 1951ರಲ್ಲಿ ತಂದಿತು. ಇಂದು ನಾವು ಗುರುತಿಸುವ, ಎರಡು ತುಂಡಾಗಿ ಸೀಳಿದಂತಿರುವ ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಬಂದದ್ದು 1957ರಲ್ಲಿ. ಅದೇ ಸಂಸ್ಥೆಯ 1960ರ ಜಾಝ್ ಬೇಸ್‌ನಲ್ಲಿ ಬ್ರಿಡ್ಜ್ (ತಂತಿಗಳ ಕೆಳತುದಿಯ ಆಸರೆ) ಬಳಿಯ ಪಿಕಪ್ ತುಸು ಮೂಗಿನ ದನಿ ಕೊಟ್ಟು ಪ್ರತಿ ಸ್ವರವನ್ನೂ ಬಿಡಿಸಿ ತೋರಿಸಿದರೆ, ಪ್ರಿಸಿಷನ್ ಒಂದೇ ದುಂಡನೆಯ ದನಿಯಲ್ಲಿ ತಾಳದ ಕೆಳಗೆ ಕುಳಿತುಕೊಳ್ಳುತ್ತದೆ. ನಮ್ಮ ಹಳ್ಳಿಗಳ ಸಭಾಭವನಗಳಲ್ಲಿ ಅರ್ಥಿಂಗ್ ಹೇಗಿರುತ್ತದೆಂಬುದು ಗೊತ್ತಿರುವವರಿಗೆ ಇನ್ನೊಂದು ಲಾಭವೂ ಕಾಣುತ್ತದೆ: ಜಾಝ್‌ನಲ್ಲಿ ಎರಡು ಪಿಕಪ್‌ಗಳ ಪೈಕಿ ಒಂದರ ದನಿಯನ್ನು ತಗ್ಗಿಸಿದೊಡನೆ ಗುಂಯ್‌ಗುಡುವ ಸದ್ದು ಪ್ರಿಸಿಷನ್‌ನಲ್ಲಿ ರದ್ದಾಗುತ್ತದೆ. ಎರಡರ ತಂತಿಯ ಉದ್ದವೂ 34 ಇಂಚು. ಹಾಗಾಗಿ ಬೆರಳು ಹೊಸದಾಗಿ ಅಂತರ ಕಲಿಯಬೇಕಿಲ್ಲ. ನೆಕ್‌ನ ಅಗಲ ಮಾತ್ರ ಬೇರೆ, ಜಾಝ್‌ನದು ನಟ್ (ನೆಕ್‌ನ ಮೇಲ್ತುದಿಯಲ್ಲಿ ತಂತಿ ಕೂರುವ ಪಟ್ಟಿ) ಬಳಿ ಸುಮಾರು 38 ಮಿ.ಮೀ., ಪ್ರಿಸಿಷನ್‌ನದು ಸಾಮಾನ್ಯವಾಗಿ ಅದಕ್ಕಿಂತ ಹೆಚ್ಚು.

ಐದು ತಂತಿಯ ವಾದ್ಯವನ್ನು ಬರೀ ಶೋಕಿಗೆ ಕೊಳ್ಳಬಾರದೆಂಬುದು ನನ್ನ ಅಭಿಪ್ರಾಯ. ಗಾಯಕಿಯ ಶ್ರುತಿಗೆ ತಕ್ಕಂತೆ ಹಾಡನ್ನು ಡಿ ಅಥವಾ ಸಿಗೆ ಇಳಿಸುವ ತಂಡಗಳಿಗೆ ಅದು ನಿಜಕ್ಕೂ ಬೇಕು, ಏಕೆಂದರೆ ನಾಲ್ಕು ತಂತಿಯದು ಇ ಸ್ವರದಲ್ಲೇ, ಅಂದರೆ 41 ಹರ್ಟ್ಸ್‌ನಲ್ಲೇ ನಿಂತುಬಿಡುತ್ತದೆ. ಆದರೆ ಐದನೆಯ ತಂತಿಯ 31 ಹರ್ಟ್ಸ್‌ನಷ್ಟು ತಗ್ಗಿನ ಬಿ ಸ್ವರವನ್ನು ಮನೆಯಲ್ಲಿರುವ ಎಂಟಿಂಚಿನ ಸ್ಪೀಕರ್ ಸರಿಯಾಗಿ ಹೊರಡಿಸುವುದಿಲ್ಲವೆಂಬುದನ್ನು ತಿಳಿದಿರಬೇಕು. ನೆಕ್ ಮೇಲೆ ಲೋಹದ ಅಡ್ಡಪಟ್ಟಿಗಳಿಲ್ಲದ ಫ್ರೆಟ್‌ಲೆಸ್ ವಾದ್ಯ ಭಾವಗೀತೆಯ ಜಾರುಗಳಿಗೆ ಸೊಗಸು. ತನ್ನ ದನಿ ತನಗೇ ಕೇಳದ ಬಯಲು ವೇದಿಕೆಗೆ ಬೇಡ.

ಮಲೆನಾಡಿನಲ್ಲಿ ಮಳೆಗಾಲದ ಮಾತೂ ಇದೆ. ತೇವಕ್ಕೆ ನೆಕ್‌ನ ಬಾಗು ಬದಲಾಗುತ್ತದೆ, ಅಪರೂಪಕ್ಕೆ ತೆಗೆಯುವ ಎರಡನೆಯ ವಾದ್ಯದಲ್ಲಿ ಅದು ಗಮನಕ್ಕೆ ಬರುವುದೇ ತಡವಾಗಿ. ಒಳಗೆ ಬ್ಯಾಟರಿಯಿಂದ ನಡೆಯುವ ಸರ್ಕ್ಯೂಟ್ ಇರುವ ಆಕ್ಟಿವ್ ಮಾದರಿಯಾದರೆ ಒಂಬತ್ತು ವೋಲ್ಟಿನ ಬ್ಯಾಟರಿಯ ತುದಿಗೆ ಹಸಿರು ಕಿಲುಬು ಹಿಡಿದು, ಕಾರ್ಯಕ್ರಮದ ನಡುವೆ ದನಿ ಕೆರೆಯತೊಡಗುತ್ತದೆ.

ಆ ಯುವಕ ಕೊನೆಗೆ ಬಳಸಿದ ಪ್ರಿಸಿಷನ್ ಮಾದರಿಯೊಂದನ್ನು ಕೊಂಡು, ಫ್ಲಾಟ್‌ವೌಂಡ್ ತಂತಿಗಳನ್ನು ಅದಕ್ಕೆ ವರ್ಗಾಯಿಸಿದ. ಎರಡನ್ನೂ ಒಂದೇ ಆಂಪ್ಲಿಫೈಯರ್‌ಗೆ ಜೋಡಿಸಿ, ವಾದ್ಯ ಬದಲಿಸಿದಾಗ ದನಿಯ ಮಟ್ಟ ಏರಿಳಿಯದಂತೆ ಪಿಕಪ್‌ಗಳ ಎತ್ತರ ಹೊಂದಿಸುವುದಷ್ಟೇ ನನ್ನ ಪಾಲಿನ ಕೆಲಸವಾಗಿತ್ತು.