ಬಂಕಿನ ನೀಲಿ ಕೇಬಲ್‌ಗೆ ಲೇಬಲ್ ಯಾಕೆ ಬೇಕು?

ಟ್ಯಾಂಕಿನಲ್ಲಿ ಎಷ್ಟು ಪೆಟ್ರೋಲ್ ಉಳಿದಿದೆ ಅಂತ ಆಫೀಸಿನಲ್ಲೇ ತೋರಿಸುವ ಗೇಜ್ ಈಗ ಗೋಣಿಕೊಪ್ಪ, ಕುಶಾಲನಗರದಂಥ ಊರಿನ ಬಂಕುಗಳಿಗೂ ಹೊಸದೇನಲ್ಲ. ಟ್ಯಾಂಕಿನ ಮುಚ್ಚಳದಡಿಯಿಂದ ಅದಕ್ಕೆ ಹೋಗುವ ಕೇಬಲ್ ಸಾಮಾನ್ಯವಾಗಿ ತಿಳಿನೀಲಿ. ಟ್ಯಾಂಕಿನೊಳಗೆ ಸದಾ ಪೆಟ್ರೋಲ್ ಆವಿ. ಅಂಥ ಜಾಗಕ್ಕೆ ಝೋನ್ 0 ಎನ್ನುತ್ತಾರೆ. ಅಲ್ಲಿಗೆ ಕರೆಂಟ್ ಕೊಡೋದು ಹೇಗೆ? ತಂತಿ ತುಂಡಾದರೂ, ಶಾರ್ಟ್ ಆದರೂ ಆವಿಗೆ ಬೆಂಕಿ ಹತ್ತದಷ್ಟು ಕಡಿಮೆ ಶಕ್ತಿ ಕೊಟ್ಟು. ಇದೇ ಇಂಟ್ರಿನ್ಸಿಕ್ ಸೇಫ್ಟಿ.

ಇದರ ಬೇರು ವೇಲ್ಸ್‌ನ ಕಲ್ಲಿದ್ದಲು ಗಣಿಗಳಲ್ಲಿದೆ. 1913ರ ಅಕ್ಟೋಬರ್ 14ರಂದು ಸೆಂಗ್ಹೆನಿಡ್ ಗಣಿ ಸ್ಫೋಟದಲ್ಲಿ 439 ಕಾರ್ಮಿಕರು ಸತ್ತರು. ಕಿಡಿ ಎಲ್ಲಿಂದ ಬಂತೆಂದು ಕೊನೆಗೂ ಖಚಿತವಾಗಲಿಲ್ಲ, ಆದರೆ ಅನುಮಾನ ಸೂಚನೆ ಕೊಡುವ ಗಂಟೆಯ ತಂತಿಯ ಮೇಲೂ ಬಿತ್ತು. ಆಗ ಸುರಂಗದುದ್ದಕ್ಕೂ ಎರಡು ಬೋಳು ತಂತಿ ಎಳೆದಿರುತ್ತಿದ್ದರು. ಎರಡನ್ನೂ ಯಾವುದಾದರೂ ಕಬ್ಬಿಣದ ತುಂಡಿನಿಂದ ಮುಟ್ಟಿಸಿದರೆ ಆ ತುದಿಯಲ್ಲಿ ಗಂಟೆ ಬಾರಿಸುತ್ತಿತ್ತು. ಬ್ಯಾಟರಿಯ ಸಣ್ಣ ವೋಲ್ಟೇಜ್ ಅಲ್ವಾ, ಏನಾದೀತು ಎಂಬ ಧೈರ್ಯ. ಬ್ರಿಟನ್ನಿನ ಸಂಶೋಧಕರಾದ ವೀಲರ್ ಮತ್ತು ಥಾರ್ನ್‌ಟನ್ ನಡೆಸಿದ ಪ್ರಯೋಗಗಳು ಆ ಧೈರ್ಯ ಕೆಡಿಸಿದವು. ಗಂಟೆಯ ಕಾಯಿಲ್‌ನಲ್ಲಿ ಶಕ್ತಿ ಕೂಡಿರುತ್ತದೆ, ತಂತಿ ಬಿಟ್ಟ ಕ್ಷಣ ಅದು ಕಿಡಿಯಾಗಿ ಹಾರುತ್ತದೆ. ಗಣಿಯಲ್ಲಿ ಸೇರಿಕೊಳ್ಳುವ ಮೀಥೇನ್ ಅನಿಲ ಹೊತ್ತಿಕೊಳ್ಳಲು 0.3 ಮಿಲಿಜೂಲ್ ಇದ್ದರೂ ಸಾಕು.

ಅಲ್ಲಿಂದ ಮುಂದೆ ಶಕ್ತಿಗೇ ಮಿತಿ ಹಾಕುವ ದಾರಿ ಹಿಡಿದರು. ಈಗ ಸುರಕ್ಷಿತ ಜಾಗದಲ್ಲಿ ಬ್ಯಾರಿಯರ್ ಎಂಬ ಪುಟ್ಟ ಪೆಟ್ಟಿಗೆ ಕೂರಿಸುತ್ತಾರೆ. ಒಳಗೆ ಫ್ಯೂಸ್, ವೋಲ್ಟೇಜ್ ಮಿತಿ ಮೀರದಂತೆ ತಡೆಯುವ ಝೀನರ್ ಡಯೋಡ್, ಕರೆಂಟ್ ತಡೆಯುವ ರೆಸಿಸ್ಟರ್.

ಆದರೆ ಬ್ಯಾರಿಯರ್ ದಾಟಿದ ತಂತಿ ಬರೀ ಮಾಮೂಲಿ ತಾಮ್ರ. ಯಾರೋ ಗೊತ್ತಿಲ್ಲದೆ ಅದಕ್ಕೆ 230 ವೋಲ್ಟ್ ತಗುಲಿಸಿದರೆ ಎಲ್ಲ ಮುಗಿಯಿತು. ಹಾಗಾಗಿಯೇ ಗುರುತಿನ ನಿಯಮ ಬಂದಿದ್ದು. ಅಮೆರಿಕದ ವಿದ್ಯುತ್ ಕೋಡ್‌ನ 504ನೇ ಪರಿಚ್ಛೇದದ ಪ್ರಕಾರ 25 ಅಡಿಗೊಂದಾದರೂ ಲೇಬಲ್ ಇರಬೇಕು. ಐಇಸಿ ಎಂಬ ಅಂತರರಾಷ್ಟ್ರೀಯ ವಿದ್ಯುತ್ ಮಾನದಂಡ ಸಂಸ್ಥೆಯ 60079-14 ಮಾನದಂಡ ಬಣ್ಣದ ಮಾತು ಹೇಳುತ್ತದೆ: ಬಣ್ಣದಿಂದ ಗುರುತಿಸುವುದಾದರೆ ತಿಳಿನೀಲಿಯೇ ಆಗಬೇಕು, ಆ ಕೇಬಲ್ ಬೇರೆ ಕೆಲಸಕ್ಕೆ ಬಳಸಬಾರದು. ಈ ತಂತಿ ಜೋಡಿಸುವ ಟರ್ಮಿನಲ್‌ಗೂ ಬೇರೆ ಲೈನಿನ ಟರ್ಮಿನಲ್‌ಗೂ ನಡುವೆ 50 ಮಿಲಿಮೀಟರ್ ಅಂತರದ ನಿಯಮವೂ ಇದೇ ಭಯದಿಂದ ಹುಟ್ಟಿದ್ದು.

ನಮ್ಮಲ್ಲಿ ತೊಡಕು ಇರುವುದೇ ಈ ನೀಲಿಯಲ್ಲಿ. ನಮ್ಮ ಎಲೆಕ್ಟ್ರಿಷಿಯನ್‌ಗಳಿಗೆ ಕೆಂಪು, ಹಳದಿ, ನೀಲಿ ಅಂದರೆ ಮೂರು ಫೇಸ್. ನೀಲಿ ಅಂದರೆ ಲೈವ್! ತೋಟದ ಪಂಪ್‌ಸೆಟ್ ರಿಪೇರಿ ಮಾಡುವವರೇ ಬಂಕಿಗೂ ಬರುವ ಊರಿನಲ್ಲಿ, ಸಿಡಿಲು ಬಡಿದು ಗೇಜ್ ಕೆಟ್ಟು, ಲೋಡ್ ಲಾರಿ ಬಂದು ನಿಂತ ಹೊತ್ತಲ್ಲಿ ಬರೀ ಬಣ್ಣ ನಂಬಿದರೆ ಕಷ್ಟ. ಅಕ್ಷರ ಬೇಕೇ ಬೇಕು ಅನ್ನುವುದು ನನ್ನ ಅಭಿಪ್ರಾಯ.

ಅದೂ ಕಾಗದದ ಸ್ಟಿಕ್ಕರ್ ಆಗಬಾರದು. ಜೂನ್‌ನಲ್ಲಿ ಅಂಟಿಸಿದ್ದು ಕೊಡಗಿನ ಮಳೆಗೆ ಬೂಷ್ಟು ಹಿಡಿದು ಸೆಪ್ಟೆಂಬರ್ ಹೊತ್ತಿಗೆ ಎದ್ದು ಬಂದಿರುತ್ತದೆ. ಕೆತ್ತಿದ ಪ್ಲಾಸ್ಟಿಕ್ ಅಥವಾ ಸ್ಟೀಲ್ ಪಟ್ಟಿ ಕಟ್ಟುವುದೇ ಸರಿ. ಕಂಪನಿಯವರು ಕೊಡುವ ಲೇಬಲ್ ಹೆಚ್ಚಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಅದರ ಪಕ್ಕದಲ್ಲೇ "ಟ್ಯಾಂಕ್ ಗೇಜ್ ತಂತಿ, ಬೇರೆ ಯಾವ ಲೈನೂ ಜೋಡಿಸಬೇಡಿ" ಎಂದು ಕನ್ನಡದಲ್ಲಿ ಇನ್ನೊಂದು ಪಟ್ಟಿ ಕಟ್ಟಲು ದೊಡ್ಡ ಖರ್ಚೇನೂ ಇಲ್ಲ.