ಶಾಫ್ಟ್ ಆರಿದ ಮೇಲೆ ಅಳೆಯಬೇಕು

ಪೀಣ್ಯದ ಒಂದು ಮೆಷಿನ್ ಶಾಪ್‌ನಲ್ಲಿ ಕ್ವಾಲಿಟಿ ನೋಡಿಕೊಳ್ಳುವುದು ನನ್ನ ಕೆಲಸ. ಪ್ರತಿ ವರ್ಷ ಮೆಕ್ಯಾನಿಕಲ್ ಓದುವ ಹುಡುಗ ಹುಡುಗಿಯರು ಇಂಟರ್ನ್‌ಶಿಪ್‌ಗೆ ಬರುತ್ತಾರೆ. ಕಾಲೇಜಿನ ಪತ್ರ ಕೈಗಿಟ್ಟ ಕೂಡಲೇ ಅರ್ಧ ಜನ ಕೇಳುವುದು ಒಂದೇ: "ಸರ್, ಸರ್ಟಿಫಿಕೇಟ್ ಯಾವಾಗ ಕೊಡ್ತೀರಾ?" ಅವರನ್ನು ಬೈದು ಏನು ಪ್ರಯೋಜನ? ಗೇಟು ದಾಟದವರಿಗೂ ದುಡ್ಡು ತೆಗೆದುಕೊಂಡು ಸರ್ಟಿಫಿಕೇಟ್ ಕೊಡುವವರು ಇದ್ದಾರಲ್ಲ.

ಹೋದ ವರ್ಷ ಬಂದಿದ್ದ ಒಬ್ಬ ಹುಡುಗ ಒಳ್ಳೆ ಚುರುಕು. 50 ಮಿ.ಮೀ. ದಪ್ಪದ ಶಾಫ್ಟ್ (ಯಂತ್ರದಲ್ಲಿ ತಿರುಗುವ ಉಕ್ಕಿನ ದುಂಡು ದಂಡ), ಡ್ರಾಯಿಂಗ್ ಪ್ರಕಾರ 49.975ಕ್ಕಿಂತ ಕಡಿಮೆ ಆಗಬಾರದು. ಲೇತ್‌ನಿಂದ (ಲೋಹವನ್ನು ತಿರುಗಿಸಿ ಕತ್ತರಿಸುವ ಯಂತ್ರ) ತೆಗೆದ ತಕ್ಷಣ ದಪ್ಪ ಅಳೆಯುವ ಮೈಕ್ರೋಮೀಟರ್ ಹಿಡಿದ, 49.985 ಬಂತು, ಓಕೆ ಅಂತ ಬರೆದುಕೊಂಡ. ಹೀಗೇ ಆರು ಪೀಸ್ ಆದವು. ಊಟ ಮುಗಿಸಿ ಬಂದು ನಾನು ಅಳೆದರೆ 49.971! ಶಾಫ್ಟ್ ರೂಮಿಗಿಂತ ಸುಮಾರು 25 ಡಿಗ್ರಿ ಬಿಸಿ ಇದ್ದಾಗ ಅವನು ಅಳೆದಿದ್ದ. ಆ ಸೈಜಿನ ಉಕ್ಕು ಅಷ್ಟು ಆರಿದರೆ 14 ಮೈಕ್ರಾನ್, ಅಂದರೆ 0.014 ಮಿ.ಮೀ. ಕುಗ್ಗುತ್ತದೆ. ದಪ್ಪ ಇದ್ದರೆ ಇನ್ನೊಂದು ಸಲ ಕಟ್ ಕೊಡಬಹುದಿತ್ತು, ಸಣ್ಣ ಆದದ್ದಕ್ಕೆ ಏನು ಮಾಡುವುದು? ಆರೂ ಸ್ಕ್ರ್ಯಾಪ್.

ತಮಾಷೆ ಅಂದರೆ ಬಿಸಿಗೆ ಲೋಹ ಹಿಗ್ಗುತ್ತದೆ ಅನ್ನುವ ಪಾಠದಲ್ಲಿ ಅವನಿಗೆ ಒಳ್ಳೆ ಮಾರ್ಕ್ಸು ಬಂದಿತ್ತು, ಅಳತೆಗೆ 20 ಡಿಗ್ರಿ ಸೆಲ್ಸಿಯಸ್ ಅನ್ನುವ ಸ್ಟ್ಯಾಂಡರ್ಡ್ ಕೂಡ ಬಾಯಿಪಾಠ, ಆದರೆ ಕೈಯಲ್ಲಿ ಹಿಡಿದ ಶಾಫ್ಟಿಗೂ ಆ ಪಾಠಕ್ಕೂ ಸಂಬಂಧ ಇದೆ ಅಂತ ಹೊಳೆದಿರಲಿಲ್ಲ. ನಮ್ಮ ಹಳೇ ಆಪರೇಟರ್ ಬೆಳಿಗ್ಗೆಯೇ ಹೇಳಿದ್ದರಂತೆ, "ಆರೋಕೆ ಬಿಡಪ್ಪ, ಆಮೇಲೆ ಅಳಿ" ಅಂತ. ಐಟಿಐ ಓದಿದವರು ಇಂಜಿನಿಯರಿಂಗ್ ಹುಡುಗನಿಗೆ ಹೇಳಿದರೆ ಕೇಳಬೇಕಲ್ವಾ?

ಅಂದಿನಿಂದ ನಾನು ಕ್ರಮ ಬದಲಾಯಿಸಿದ್ದೇನೆ. ಮೊದಲ ವಾರ ಆಪರೇಟರ್ ಪಕ್ಕ ನಿಂತು ನೋಡುವುದು, ಅವರನ್ನು "ಅಣ್ಣ" ಅಂತ ಕರೆದು ಪ್ರಶ್ನೆ ಕೇಳುವುದು, ಅಷ್ಟೇ. ಎರಡನೇ ವಾರದಿಂದ ಇನ್ಸ್‌ಪೆಕ್ಷನ್ ಟೇಬಲ್. ಒಂದು ತಿಂಗಳಾದ ಮೇಲೆ ಗಿರಾಕಿಗೆ ನಿಜವಾಗಿ ಹೋಗುವ ಒಂದು ಪಾರ್ಟ್ ಅವರ ಹೆಸರಿಗೆ. ರಿಜೆಕ್ಟ್ ಆದರೆ ಕಾರಣ ಅವರೇ ಬರೆಯಬೇಕು. ಇದಿಲ್ಲದಿದ್ದರೆ ಅದು ಸುಮ್ನೆ ಇಂಡಸ್ಟ್ರಿಯಲ್ ವಿಸಿಟ್, ಸ್ವಲ್ಪ ಉದ್ದ ಅಷ್ಟೇ. ರಿಪೋರ್ಟಿನಲ್ಲಿ ವೆಬ್‌ಸೈಟಿನಿಂದ ಎತ್ತಿದ ಕಂಪನಿ ಇತಿಹಾಸ ಇದ್ದರೆ ವಾಪಸ್ ಕೊಡುತ್ತೇನೆ. ಇವತ್ತು ಏನು ತಪ್ಪಾಯಿತು, ಯಾರನ್ನು ಕೇಳಿದೆ, ಇಷ್ಟು ಬರೆದರೆ ಸಾಕು.

ಸಣ್ಣ ಕಂಪನಿಗಳಿಗೆ ಇದು ಭಾರ, ಒಪ್ಪುತ್ತೇನೆ. ಕಲಿಸಲು ಕೂತವನ ಅರ್ಧ ದಿನ ಹೋಗುತ್ತದೆ. ಡಿಗ್ರಿ ಮುಗಿಸಿದವರಿಗಾದರೆ 1961ರ ಅಪ್ರೆಂಟಿಸ್ ಕಾಯ್ದೆಯ ದಾರಿ ಇದೆ. 2019ರ ನಿಯಮದಲ್ಲಿ ಪದವೀಧರ ಅಪ್ರೆಂಟಿಸ್‌ಗೆ ತಿಂಗಳಿಗೆ ಕನಿಷ್ಠ 9,000 ರೂಪಾಯಿ ಅಂತ ಮಾಡಿದರು, ಅದರಲ್ಲಿ ಅರ್ಧ ಕೇಂದ್ರ ಸರ್ಕಾರದ್ದು. ಪೇಪರ್ ಕೆಲಸಕ್ಕೆ ಹೆದರಿ ಎಷ್ಟೋ ಮಾಲೀಕರು ಆ ಕಡೆ ತಲೆಯೇ ಹಾಕುವುದಿಲ್ಲ.

ವಿದ್ಯಾರ್ಥಿಗಳಿಗೆ ಒಂದು ಮಾತು. ಇಂಟರ್ನ್‌ಶಿಪ್‌ಗೆ ಫೋನ್ ಮಾಡಿದಾಗ ಸ್ಟೈಪೆಂಡ್ ಜೊತೆಗೆ ಇದನ್ನೂ ಕೇಳಿ: ನನಗೆ ದಿನಾ ಕೆಲಸ ಹೇಳಿಕೊಡುವವರು ಯಾರು? ಒಬ್ಬರ ಹೆಸರು ಹೇಳಿದರೆ ಹೋಗಿ. "ಬನ್ನಿ, ಆಮೇಲೆ ನೋಡೋಣ" ಅಂದರೆ ಬೇರೆ ಕಡೆ ಫೋನ್ ಮಾಡಿ.